ಊರು ಮರೆತ ಹಳದಿ ಹುಳ

ನನ್ನ ಬಳಿ ಒಂದು ಒಳ್ಳೆಯ ಚಿತ್ರವಿದೆ. ಜೊಂಡಿನ ಎಲೆ ಹಿಡಿದು ಕೂತ ಹಳದಿ ಡ್ಯಾಮ್ಸೆಲ್‌ಫ್ಲೈ. ಏರೋಪ್ಲೇನ್ ಚಿಟ್ಟೆಯ ಬಳಗದ್ದೇ. ಆದರೆ ಮೈ ಕಡ್ಡಿಯಷ್ಟು ತೆಳು, ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಳ್ಳುತ್ತದೆ. ಬಿಡದಿಯ ಬಳಿ ಕೆಸರಲ್ಲಿ ಮೊಣಕಾಲೂರಿ, ಉಸಿರು ಬಿಗಿಹಿಡಿದು ಮ್ಯಾಕ್ರೋ ಲೆನ್ಸ್‌ನಲ್ಲಿ ತೆಗೆದದ್ದು. ಯಾವ ಕೆರೆ? ನೆಲ್ಲಿಗುಡ್ಡೆಯೋ, ಭೈರಮಂಗಲವೋ? ನೆನಪಿಲ್ಲ. ಮೂಲ ಫೈಲು ಕಳೆದುಹೋಯಿತು. ವಾಟ್ಸಾಪ್‌ನಲ್ಲಿ ಉಳಿದ ಪ್ರತಿಯಲ್ಲಿ ದಿನಾಂಕವೂ ಇಲ್ಲ, ಜಾಗವೂ ಇಲ್ಲ.

ಈ ಹುಳಕ್ಕೆ ಕೋರಮಂಡಲ ತೀರದ ಹೆಸರಿಟ್ಟವನು ಲಿನೇಯಸನ ಶಿಷ್ಯ ಫ್ಯಾಬ್ರಿಷಿಯಸ್, 1798ರಲ್ಲಿ. ಮುಂದೆ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯ ಎಫ್. ಸಿ. ಫ್ರೇಸರ್ ಕೊಡಗಿನ ಹೊಳೆಗಳನ್ನೂ ಸುತ್ತಿ, ಭಾರತದ ಈ ಇಡೀ ಬಳಗದ ಬಗ್ಗೆ ಮೂರು ಸಂಪುಟ ಬರೆದ (1933, 1934, 1936). ಅಂದಿನ ಸಾಕ್ಷಿಯೆಂದರೆ ಸೂಜಿ ಚುಚ್ಚಿಟ್ಟ ಹುಳ. ಸತ್ತ ಮೇಲೆ ಅದರ ಬಣ್ಣ ಮಾಸುತ್ತದೆ. ಪಕ್ಕದ ಚೀಟಿಯಲ್ಲಿ ಊರು, ದಿನ ಉಳಿಯುತ್ತವೆ.

ಮ್ಯಾಕ್ರೋ ಛಾಯಾಗ್ರಹಣ ಕೊಲ್ಲದೆಯೇ ಬಣ್ಣವನ್ನು ಹಿಡಿಯಿತು. ಪ್ರಭೇದ ಗುರುತಿಸಲು ಬೇಕಾದ, ಗಂಡಿನ ಬಾಲದ ತುದಿಯ ಪುಟ್ಟ ಕೊಂಡಿಗಳನ್ನೂ ತೋರಿಸಿತು. 2005ರಲ್ಲಿ ಕೆ. ಎ. ಸುಬ್ರಮಣಿಯನ್ ಅವರ ಕ್ಷೇತ್ರ ಕೈಪಿಡಿ ಬೆಂಗಳೂರಿನಿಂದ ಹೊರಬಂದ ಮೇಲೆ ಕ್ಯಾಮೆರಾ ಹಿಡಿದ ಹವ್ಯಾಸಿಗಳಿಗೂ ಹೆಸರು ಹುಡುಕುವುದು ಸುಲಭವಾಯಿತು.

ನಾನು ಕೆರೆಗಳ ಇತಿಹಾಸ ಓದುವವನು. ಕಡತಗಳಲ್ಲಿ ತೂಬು, ಕಂದಾಯ, ಅಚ್ಚುಕಟ್ಟು ಸಿಗುತ್ತವೆ. ನೀರೊಳಗಿನ ಜೀವ ಸಿಗುವುದಿಲ್ಲ. ನೀರಾವರಿಗೆಂದು 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಭೈರಮಂಗಲಕ್ಕೆ ಇಂದು ಬೆಂಗಳೂರಿನ ಕೊಳಚೆ ಹರಿದು ಬರುತ್ತದೆ. ಕೆಡುವ ಮೊದಲು ಅಲ್ಲಿ ಏನೇನು ಹಾರುತ್ತಿತ್ತು? ಡ್ಯಾಮ್ಸೆಲ್‌ಫ್ಲೈ ಮರಿಗಳು ನೀರಲ್ಲೇ ಬೆಳೆಯುತ್ತವೆ. ಬಾಲದ ತುದಿ ನೀಲಿಯಿರುವ ಇಷ್ನುರಾ ಸೆನೆಗಲೆನ್ಸಿಸ್‌ನಂಥವು ಕೊಳಕು ನೀರನ್ನೂ ತಾಳುತ್ತವೆ, ಎಲ್ಲವೂ ತಾಳುವುದಿಲ್ಲ. ಹಾಗಾಗಿ ಯಾವ ವರ್ಷ, ಯಾವ ದಡದಲ್ಲಿ ಯಾವುದು ಕೂತಿತ್ತು ಎಂಬುದು ಆ ನೀರಿನದೇ ಚರಿತ್ರೆ.

ನನ್ನ ಹಳದಿ ಹುಳ ಆ ಚರಿತ್ರೆಯ ಒಂದು ಸಾಲಾಗಬಹುದಿತ್ತು. ಈಗ ಅದು ಬರೀ ಚೆಂದದ ಚಿತ್ರ, ಪ್ರಬಂಧದಲ್ಲಿ ಬಳಸುವಂತಿಲ್ಲ. ಫ್ರೇಸರ್ ಕಾಲದ ಮಾಸಿದ ಹುಳ ತನ್ನ ಊರು ಹೇಳುತ್ತದೆ, ನನ್ನದು ಹೇಳುವುದಿಲ್ಲ.

ಈಗ ದಡಕ್ಕೆ ಹೋದರೆ ಲೆನ್ಸ್ ಮುಚ್ಚಳ ತೆಗೆಯುವ ಮೊದಲು ಜೇಬಿನ ಪುಸ್ತಕ ತೆಗೆಯುತ್ತೇನೆ. ಕೆರೆಯ ಹೆಸರು, ತಾರೀಕು, ಗಂಟೆ. ಆಮೇಲೆ ಹುಳ.