ವಾಯುಮಾಲಿನ್ಯ: ಕಾರವಾರ–ಅಂಕೋಲಾ ಕರಾವಳಿ

ಉತ್ತರ ಕನ್ನಡದ ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ ಗಾಳಿಯನ್ನು ಕೆಡಿಸುವ ವಸ್ತುಗಳು ಎರಡು ಬಗೆಯವು: ಧೂಳು ಮತ್ತು ಹೊಗೆಯ ಕಣಗಳು; ಸಾರಜನಕದ ಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲಗಳು. ಹೆದ್ದಾರಿಯ ವಾಹನಗಳು, ಕಸ ಸುಡುವುದು, ಸೌದೆ ಒಲೆ ಈ ವಸ್ತುಗಳ ಸಾಮಾನ್ಯ ಮೂಲಗಳು. ಆದರೆ ಈ ಸೀಮೆ ಕಲಿಸಿದ ದೊಡ್ಡ ಪಾಠ ಅದಿರಿನ ಧೂಳಿನದು. ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಲಾರಿಗಳಲ್ಲಿ ಘಟ್ಟವಿಳಿದು ಬೇಲೆಕೇರಿ, ಕಾರವಾರ ಬಂದರುಗಳಿಗೆ ಬರುತ್ತಿತ್ತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ತಡೆಯಿತು. ಆ ತಡೆಗೆ ಕಾರಣ ಅಕ್ರಮ ಸಾಗಣೆಯೇ ಹೊರತು ಜನರ ಉಸಿರಲ್ಲ.

ಕಡಲಗಾಳಿ, ಮುಂಗಾರು ಎಲ್ಲವನ್ನೂ ತೊಳೆದುಬಿಡುತ್ತವೆ ಎಂಬ ವಾದವುಂಟು. ಮಳೆಗಾಲದ ಮಟ್ಟಿಗೆ ಅದು ನಿಜ. ಆದರೆ ಹಡಗಿಗೆ ಸರಕು ತುಂಬುವ ಬಿರುಸಿನ ಕಾಲ ಮಳೆಯಿಲ್ಲದ ತಿಂಗಳುಗಳೇ. ಹಗಲಿನ ಕಡಲಗಾಳಿ ಬಂದರಿನ ಧೂಳನ್ನು ಊರಿನತ್ತಲೇ ತಳ್ಳುತ್ತದೆ. ಅದಿರಿನ ಧೂಳು ದಪ್ಪ, ಬೇಗ ನೆಲಕ್ಕಿಳಿಯುತ್ತದೆ ಎಂಬುದೂ ಪೂರ್ಣ ಸಮಾಧಾನವಲ್ಲ. ಚಕ್ರಗಳಡಿ ಅರೆದು ಅದು ಮತ್ತೆ ಮೇಲೇಳುತ್ತದೆ. 10 ಮೈಕ್ರಾನಿಗಿಂತ ಸಣ್ಣ ಕಣ ಶ್ವಾಸನಾಳ ಸೇರಿ ಕೆಮ್ಮು, ಉಬ್ಬಸ ಹೆಚ್ಚಿಸಿದರೆ, ಡೀಸೆಲ್ ಹೊಗೆಯ 2.5 ಮೈಕ್ರಾನಿಗಿಂತ ಸಣ್ಣ ಕಣ ಶ್ವಾಸಕೋಶದ ಆಳಕ್ಕಿಳಿದು ಹೃದ್ರೋಗಕ್ಕೂ ದಾರಿಯಾಗುತ್ತದೆ. ಇಂಥ ಕಣಕ್ಕೆ ಭಾರತದ 2009ರ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ; ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ ಕೇವಲ 5.

ನಿಯಂತ್ರಣವೆಂದರೆ ಬಂದರಿನ ದುಡಿಮೆಗೆ ಕಲ್ಲು ಹಾಕುವುದಲ್ಲ. ಲಾರಿಗೆ ತಾಡಪಾಲು, ರಾಶಿಗೆ ನೀರು ಮತ್ತು ಹೊದಿಕೆ, ಸಾಧ್ಯವಿದ್ದೆಡೆ ರೈಲು ಸಾಗಣೆ, ನಿರಂತರ ಮಾಪನ: ಇವು ಕೈಗೆಟುಕುವ ಕ್ರಮಗಳು. 1981ರ ವಾಯು ಕಾಯ್ದೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಧಿಕಾರ ಕೊಟ್ಟಿದೆ. ಆ ಅಧಿಕಾರ ಸರಕು ಬರುವ ಮೊದಲೇ ಬಳಕೆಯಾಗಬೇಕು.