ಕೀಲೆಣ್ಣೆಯಿಂದ ಗೇರ್ ಆಯಿಲ್‌ವರೆಗೆ: ನಮ್ಮೂರ ಗಾಡಿಗಳ ಎಣ್ಣೆ ಕಥೆ

ನಮ್ಮ ಸೀಮೆ, ನಮ್ಮ ಇತಿಹಾಸ – ಭಾಗ 9
(ಉದ್ದ ಇದೆ, ಅದಕ್ಕೇ ಮೂರು ಪೋಸ್ಟ್. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.)

▪️ ಪೋಸ್ಟ್ 1/3 – ಎತ್ತಿನ ಕಾಲ

ಕೆಮ್ಮಣ್ಣುಗುಂಡಿ ಕಡೆಯಿಂದ ಹೆಬ್ಬೆ ಜಲಪಾತಕ್ಕೆ ಜೀಪಲ್ಲಿ ಹೋಗಿರೋರು ಕೈ ಎತ್ತಿ! ಹಳ್ಳ ದಾಟುವಾಗ ನೀವೆಲ್ಲ ರೀಲ್ಸ್ ಮಾಡ್ತಾ ಇರ್ತೀರಿ. ಆ ಜೀಪಿನ ಹೊಟ್ಟೆ ಕೆಳಗೆ ನಾಲ್ಕು ಕಬ್ಬಿಣದ ಡಬ್ಬ ಇವೆ ಅಂತ ಎಷ್ಟು ಜನಕ್ಕೆ ಗೊತ್ತು? ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್. ಇಂಜಿನ್ ಆಯಿಲ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ಈ ನಾಲ್ಕರೊಳಗಿನ ಎಣ್ಣೆಯನ್ನು ಕೇಳೋರೇ ಇಲ್ಲ.

ಆದರೆ ನಮ್ಮ ಹಿರಿಯರು ಕೇಳ್ತಿದ್ರು. ಎತ್ತಿನ ಗಾಡಿ ಹೊರಡೋಕೆ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕಲೇಬೇಕು. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿದರೆ ಕೀಲೆಣ್ಣೆ ರೆಡಿ. ಅದನ್ನ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕ್ತಿದ್ರು. ಹರಳೆಣ್ಣೆಯೇ ಯಾಕೆ? ಅದು ದಪ್ಪ, ಲೋಹಕ್ಕೆ ಅಂಟಿಕೊಳ್ಳುತ್ತೆ, ಬೇಗ ಜಾರಿ ಹೋಗಲ್ಲ.

ಇದು ಬರೀ ಹಳ್ಳಿ ವಿಷಯ ಅಂದ್ಕೋಬೇಡಿ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಎಣ್ಣೆಗೆ ಸೇರಿಸಿದ್ದೂ ಹರಳೆಣ್ಣೆಯನ್ನೇ. ಹರಳಿನ ಇಂಗ್ಲಿಷ್ ಹೆಸರಾದ 'ಕ್ಯಾಸ್ಟರ್'ನಿಂದಲೇ 'ಕ್ಯಾಸ್ಟ್ರಾಲ್' ಅನ್ನೋ ಹೆಸರು ಹುಟ್ಟಿತು.

ಗಾಡಿ ಎಳೆಯೋ ಶಕ್ತಿಯ ವಿಷಯದಲ್ಲಂತೂ ನಮ್ಮ ಅಜ್ಜಂಪುರ ದೊಡ್ಡ ಹೆಸರು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ 'ಅಮೃತ್ ಮಹಲ್' ಅಂತ ಹೆಸರಿಟ್ಟವನು ಟಿಪ್ಪು. ಹೈದರ್, ಟಿಪ್ಪು ಸೈನ್ಯದ ಫಿರಂಗಿ, ಸಾಮಾನು ಎಳೆದಿದ್ದು ಇದೇ ತಳಿಯ ಎತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಇವನ್ನ ಬಿಡಲಿಲ್ಲ. ತಳಿ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ರಸ್ತೆಯೇ ಇಲ್ಲದ ಕಡೆ ಭಾರ ಸಾಗಿಸೋದು ಹೇಗೆ ಅನ್ನೋ ಪ್ರಶ್ನೆಗೆ ಆ ಕಾಲದ ಉತ್ತರ ಈ ಎತ್ತುಗಳೇ.

▪️ ಪೋಸ್ಟ್ 2/3 – ಜೀಪ್ ಬಂತು

ಅದೇ ಪ್ರಶ್ನೆಗೆ ಎರಡನೇ ಮಹಾಯುದ್ಧ ಕೊಟ್ಟ ಉತ್ತರ 1941ರ ವಿಲ್ಲೀಸ್ ಜೀಪ್. 1947ರಲ್ಲಿ ಮಹೀಂದ್ರಾದವರು ಮುಂಬೈನಲ್ಲಿ ವಿಲ್ಲೀಸ್ ಜೀಪ್ ಜೋಡಿಸೋಕೆ ಶುರು ಮಾಡಿದ್ರು. ನಮ್ಮ ಜಿಲ್ಲೆಗೆ 'ಕಡೂರು ಜಿಲ್ಲೆ' ಅಂತ ಇದ್ದ ಹೆಸರು ಹೋಗಿ 'ಚಿಕ್ಕಮಗಳೂರು' ಅಂತ ಆಗಿದ್ದೂ 1947ರಲ್ಲೇ.

ಜೀಪ್ ಜೊತೆ ಹೊಸ ತಲೆನೋವೂ ಬಂತು. ಗಾಡಿ ಅಚ್ಚಿಗೆ ಒಂದೇ ಎಣ್ಣೆ ಸಾಕಿತ್ತು, ಜೀಪಿಗೆ ಸಾಲಲ್ಲ. ಯಾಕೆ ಅಂತ ಸ್ವಲ್ಪ ಗಮನ ಇಟ್ಟು ಓದಿ, ಇಡೀ ಕಥೆಯ ಕೀಲು ಇಲ್ಲೇ ಇದೆ.

1920ರ ದಶಕದಲ್ಲಿ ಅಮೆರಿಕದ ಗ್ಲೀಸನ್ ಕಂಪನಿಯವರು 'ಹೈಪಾಯ್ಡ್' ಗೇರ್ ತಂದರು. ಕಾರಿನಲ್ಲಿ ಮೊದಲು ಬಳಸಿದ್ದು ಪ್ಯಾಕಾರ್ಡ್. ಇದರಲ್ಲಿ ಪಿನಿಯನ್ ಕ್ರೌನ್‌ನ ನಡುಮಧ್ಯಕ್ಕೆ ಸೇರಲ್ಲ, ಸ್ವಲ್ಪ ಕೆಳಗೆ ಸೇರುತ್ತೆ. ಅದರಿಂದ ಪ್ರೊಪೆಲ್ಲರ್ ಶಾಫ್ಟ್ ತಗ್ಗಿ ಕಾರು ತಗ್ಗಾಯ್ತು, ಗೇರಿಗೂ ಬಲ ಬಂತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳೋದಷ್ಟೇ ಅಲ್ಲ, ಉಜ್ಜಿಕೊಂಡು ಜಾರೋಕೂ ಶುರುವಾದವು. ಆ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪದರ ಹರಿದುಹೋಗುತ್ತೆ, ಲೋಹಕ್ಕೆ ಲೋಹ ತಾಗುತ್ತೆ.

ಪರಿಹಾರ: ಎಣ್ಣೆಗೆ ಗಂಧಕ, ರಂಜಕದ ಸಂಯುಕ್ತ ಬೆರೆಸೋದು. ಹಲ್ಲು ಬಿಸಿಯಾದಾಗ ಇವು ಉಕ್ಕಿನ ಜೊತೆ ಸೇರಿ ತೆಳು ಪೊರೆ ಕಟ್ಟುತ್ತವೆ. ಸವೆಯೋದು ಆ ಪೊರೆ, ಗೇರ್ ಅಲ್ಲ. ಗೇರ್ ಆಯಿಲ್ ಡಬ್ಬ ತೆಗೆದ ತಕ್ಷಣ ಮೂಗಿಗೆ ಹೊಡೆಯೋ ಆ ವಾಸನೆ ಗಂಧಕದ್ದೇ. ಡಬ್ಬದ ಮೇಲಿನ 'ಇಪಿ 90'ರಲ್ಲಿ 'ಇಪಿ' ಅಂದ್ರೆ ಎಕ್ಸ್‌ಟ್ರೀಮ್ ಪ್ರೆಷರ್, ವಿಪರೀತ ಒತ್ತಡ ತಡೆಯೋದು ಅಂತ.

▪️ ಪೋಸ್ಟ್ 3/3 – ಹಾಗಾದ್ರೆ ನಿಮ್ಮ ಗಾಡಿಗೆ ಯಾವುದು?

ಈಗ ಹಳೇ ಜೀಪ್ ತಗೊಳ್ಳೋ ಹುಚ್ಚು ನಮ್ಮ ವಯಸ್ಸಿನವರಿಗೆ ಜೋರಾಗಿದೆ. ಅದಕ್ಕೇ ಈ ಭಾಗ.

🔸 ದೊಡ್ಡ ನಂಬರ್ ಅಂದ್ರೆ ಒಳ್ಳೇ ಎಣ್ಣೆ ಅಂತಲ್ಲ. ಹಿಂದೆ ಮುಂದೆ ಇರೋ ಹೈಪಾಯ್ಡ್ ಹೌಸಿಂಗ್‌ಗಳಿಗೆ ಜಿಎಲ್-5 ಬೇಕು. ಹಳೇ ಜೀಪಿನ ಗೇರ್‌ಬಾಕ್ಸ್ ಒಳಗೆ ಹಿತ್ತಾಳೆಯ ಸಿಂಕ್ರೋ ರಿಂಗ್ ಇರುತ್ತೆ, ಅಲ್ಲಿಗೆ ಜಿಎಲ್-4. ಜಿಎಲ್-5ರಲ್ಲಿ ಇಪಿ ಅಂಶ ಸುಮಾರು ಎರಡರಷ್ಟು. ಉಕ್ಕನ್ನ ಕಾಪಾಡೋ ಆ ಗಂಧಕವೇ ಹಿತ್ತಾಳೆಯನ್ನ ತಿನ್ನಬಹುದು. ಸಿಂಕ್ರೋಗೆ ಹಿಡಿತವೂ ಬೇಕು, ಜಾರಿಕೆ ಜಾಸ್ತಿಯಾದರೆ ಗೇರ್ ಕರಕರ ಅನ್ನುತ್ತೆ.

🔸 ಹಳೇ ಜೀಪಲ್ಲಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡೂ ಅಂಟಿಕೊಂಡಿರುತ್ತವೆ, ಎಣ್ಣೆ ಒಂದರಿಂದ ಇನ್ನೊಂದಕ್ಕೆ ದಾಟುತ್ತೆ. ಹಾಗಾಗಿ ಎರಡಕ್ಕೂ ಒಂದೇ ಎಣ್ಣೆ. ಹೊಸ ಗಾಡಿಗಳ ಲೆಕ್ಕ ಬೇರೆ, ಕೆಲವು ಟ್ರಾನ್ಸ್‌ಫರ್ ಕೇಸ್‌ಗೆ ಆಟೋಮ್ಯಾಟಿಕ್ ಗೇರಿನ ತೆಳು ಎಣ್ಣೆ ಬೇಕು. ಗಾಡಿ ಜೊತೆ ಕೊಟ್ಟ ಪುಸ್ತಕ ಏನು ಹೇಳುತ್ತೋ ಅದೇ ಫೈನಲ್.

🔸 90 ನೋಡಿ 'ಅಯ್ಯೋ ದಪ್ಪ' ಅನ್ನಬೇಡಿ. ಗೇರ್ ಆಯಿಲಿನ ಅಳತೆಯೇ ಬೇರೆ. ಗೇರ್ ಆಯಿಲ್ 90, ಇಂಜಿನ್ ಆಯಿಲ್ 40–50ರ ಹತ್ತಿರ ಹತ್ತಿರ ಬರುತ್ತೆ.

🔸 ಹಳ್ಳ ದಾಟೋರಿಗೆ ಮುಖ್ಯವಾದದ್ದು. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ಅಥವಾ ಹಳೇ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತೆ. ಎಣ್ಣೆ ಹಾಲು ಬೆರೆಸಿದ ಕಾಫಿ ಥರ ಕಂಡರೆ ನೀರು ಸೇರಿದೆ ಅಂತ ಅರ್ಥ. ಕಿಲೋಮೀಟರ್ ಲೆಕ್ಕ ಹಾಕ್ತಾ ಕೂರಬೇಡಿ, ಕೂಡಲೇ ಬದಲಾಯಿಸಿ. ಬ್ರೀದರ್ ಕಟ್ಟಿದೆಯಾ ಅಂತಲೂ ನೋಡಿ.

ಬಿಕಾಂ ಓದೋರಿಗೆ ಒಂದು ಮಾತು. ಜೀಪ್ ಬಾಡಿಗೆ ನಂಬಿದ ಮನೆಗೆ ಸೀಸನ್ ಅಂದ್ರೆ ವರ್ಷದಲ್ಲಿ ಕೆಲವೇ ತಿಂಗಳು. ಆಗ ಗೇರ್‌ಬಾಕ್ಸ್ ಬಿಚ್ಚಿಟ್ಟರೆ ರಿಪೇರಿ ಬಿಲ್ ಒಂದೇ ಅಲ್ಲ, ನಿಂತ ದಿನಗಳ ಬಾಡಿಗೆಯೂ ಹೋಯ್ತು. ಆ ನಷ್ಟ ಯಾವ ಬಿಲ್ಲಿನಲ್ಲೂ ಕಾಣಲ್ಲ, ಆದರೆ ಕಂತು ಕಟ್ಟೋ ದಿನ ಗೊತ್ತಾಗುತ್ತೆ. ಅದರ ಮುಂದೆ ಸರಿಯಾದ ಎಣ್ಣೆಯ ಖರ್ಚು ಏನೂ ಅಲ್ಲ.

ಕೀಲೆಣ್ಣೆ ಕಲಸೋ ಹದ ಗೊತ್ತಿದ್ದವರು ಕಡಿಮೆಯಾಗ್ತಿದ್ದಾರೆ. ಹಳೇ ಜೀಪಿನ ಹದ ಗೊತ್ತಿರೋ ಮೆಕ್ಯಾನಿಕ್‌ಗಳಿಗೂ ವಯಸ್ಸಾಗ್ತಿದೆ, ಅವರ ತಲೆಯಲ್ಲಿರೋದು ಎಲ್ಲೂ ಬರೆದಿಟ್ಟಿಲ್ಲ. ನಿಮ್ಮ ಮನೆ ಅಟ್ಟದಲ್ಲಿ ಹಳೇ ಜೀಪಿನ ಪುಸ್ತಕ, ಗಾಡಿಯ ಫೋಟೊ, ಕೀಲೆಣ್ಣೆ ಗೊಟ್ಟ ಏನಾದ್ರೂ ಇದ್ರೆ ಫೋಟೊ ತೆಗೆದು ಕಳಿಸಿ. ಅಜ್ಜ ಇದ್ರೆ ಕೇಳಿ, ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆದು ಕಳಿಸಿ.

ಭಾಗ 10: ತರೀಕೆರೆ–ನರಸಿಂಹರಾಜಪುರ ಪುಟ್ಟ ರೈಲಿನ ಕಥೆ. 🚂

#ಕಡೂರು #ತರೀಕೆರೆ #ಅಜ್ಜಂಪುರ #ಅಮೃತ್‌ಮಹಲ್ #ಕೀಲೆಣ್ಣೆ #ಹಳೇಜೀಪ್ #ನಮ್ಮಸೀಮೆನಮ್ಮಇತಿಹಾಸ