ಪು. ಲ. ದೇಶಪಾಂಡೆ: ಮುಂಬಯಿ ವಿನೋದದ ಕನ್ನಡ ಮಗ್ಗುಲು

ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆಯವರನ್ನು ಮರಾಠಿಯ ಜನಪ್ರಿಯ ವಿನೋದ ಸಾಹಿತಿಯೆಂದು ಗುರುತಿಸುವುದು ವಾಡಿಕೆ. ಅವರ ಬದುಕು-ಬರಹಗಳಲ್ಲಿ ಕನ್ನಡ ನಾಡಿಗಿರುವ ಪಾಲನ್ನು ಹೊರನಾಡಿನ ಸಂಶೋಧಕರ ಗಮನಕ್ಕೆ ತರುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

1919ರ ನವೆಂಬರ್ 8ರಂದು ಮುಂಬಯಿಯಲ್ಲಿ ಜನಿಸಿದ ಪು. ಲ. ಅವರು ಜೋಗೇಶ್ವರಿ, ವಿಲೆ ಪಾರ್ಲೆ ಉಪನಗರಗಳಲ್ಲಿ ಬೆಳೆದರು. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿಯೂ ಮುಂಬಯಿಯ ಕೀರ್ತಿ ಕಾಲೇಜಿನಲ್ಲಿಯೂ ಅಧ್ಯಾಪಕರಾಗಿದ್ದರು. ಸಂಗೀತವೂ ಅವರನ್ನು ಕನ್ನಡ ನಾಡಿಗೆ ಬೆಸೆದಿತ್ತು. ಸುಳೇಭಾವಿಯ ಕುಮಾರ ಗಂಧರ್ವರು ಅವರ ಆಪ್ತರು. 1953ರ 'ಗುಳಾಚಾ ಗಣಪತಿ' ಚಿತ್ರಕ್ಕೆ ಪು. ಲ. ಸಂಯೋಜಿಸಿದ ಅಭಂಗಶೈಲಿಯ ಗೀತೆಗೆ ಕಂಠವಿತ್ತವರು ಗದಗ ಸೀಮೆಯ ಭೀಮಸೇನ ಜೋಶಿ.

ಬೆಳಗಾವಿಯ ವಾಸದ ಮುಖ್ಯ ಫಲವೆಂದರೆ 'ರಾವಸಾಹೇಬ' ಎಂಬ ವ್ಯಕ್ತಿಚಿತ್ರ. ಅದರ ನಾಯಕ ಕೃಷ್ಣರಾವ್ ಹರಿಹರರು ಆಡುವುದು ಕನ್ನಡದ ಒಗ್ಗರಣೆ ಬಿದ್ದ ಮರಾಠಿ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ; ಮರಾಠಿಯಲ್ಲಿಯೋ ಜಡವಸ್ತುಗಳ ಹೆಸರಿಗೂ ಸ್ತ್ರೀ-ಪುರುಷ-ನಪುಂಸಕ ಭೇದವುಂಟು. ಆದುದರಿಂದ ಕನ್ನಡಿಗನ ನಾಲಗೆ ಅಲ್ಲಿ ಎಡವುವುದು ಸಹಜ. ಈ ಎಡವುವಿಕೆಯೇ ಪು. ಲ. ಅವರ ಕೈಯಲ್ಲಿ ವಿನೋದದ ಸಾಮಗ್ರಿಯಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಬೆಳಗಾವಿಯು ವಿವಾದದ ನೆಲವಾಗಿರುವಾಗ, ನೆರೆಯವನ ನುಡಿಯನ್ನು ಕಂಡು ನಗುವುದು ಅವನನ್ನು ಕೀಳುಗೈದಂತಾಗದೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಚಿತ್ರದ ಒಟ್ಟು ಧಾಟಿ ಬೇರೆ. ಬೈಗುಳವನ್ನೂ ಅಕ್ಕರೆಯಿಂದಲೇ ಆಡುವ ಆ ರಸಿಕನ ಮುಂದೆ ಲೇಖಕರು ತಾವೇ ಸಣ್ಣವರಾಗಿ ನಿಲ್ಲುತ್ತಾರೆ. ನಗೆಯಿಂದ ಆರಂಭವಾದ ಬರಹ ಅಗಲಿಕೆಯ ಶೋಕದಲ್ಲಿ ಮುಗಿಯುತ್ತದೆ. ಮುಂಬಯಿಯ ಚಾಳುಗಳ ಬದುಕನ್ನು ಕುರಿತ 'ಬಟಾಟ್ಯಾಚೀ ಚಾಳ'ದ ಕೊನೆಯಲ್ಲಿಯೂ ಕರಗುತ್ತಿರುವ ಕೂಡುಬಾಳಿನ ವಿಷಾದವಿದೆ. ಅಳಿಯುತ್ತಿರುವುದನ್ನು ಪ್ರೀತಿಯಿಂದ ದಾಖಲಿಸುವುದೇ ಅವರ ವಿನೋದದ ತಿರುಳೆಂದು ನಮಗೆ ತೋರುತ್ತದೆ. ಆದರೂ ಒಂದು ವ್ಯಕ್ತಿಚಿತ್ರವನ್ನೇ ಗಡಿ ಸೌಹಾರ್ದದ ಪ್ರಮಾಣವೆಂದು ಹಿಡಿಯುವುದು ಆತುರವಾದೀತು.

'ವ್ಯಕ್ತಿ ಆಣಿ ವಲ್ಲಿ' ಕೃತಿಗೆ 1965ರಲ್ಲಿ ಸಾಹಿತ್ಯ ಅಕಾದೆಮಿ ಪ್ರಶಸ್ತಿಯೂ, 1990ರಲ್ಲಿ ಪದ್ಮಭೂಷಣವೂ ಅವರಿಗೆ ಸಂದವು. 2000ದ ಜೂನ್ 12ರಂದು ಪುಣೆಯಲ್ಲಿ ಅವರು ನಿಧನರಾದರು. ಮುಂಬಯಿಯ ಪ್ರಭಾದೇವಿಯಲ್ಲಿರುವ ಕಲಾ ಅಕಾಡೆಮಿ ಅವರ ಹೆಸರನ್ನು ಹೊತ್ತಿದೆ. ಗಡಿಯ ಕಾಗದಪತ್ರಗಳು ಹೇಳದ ಒಂದು ಸಂಗತಿಯನ್ನು, ಎರಡು ನುಡಿಗಳು ಒಂದೇ ನಾಲಗೆಯ ಮೇಲೆ ನೆಲೆಸಿದ ಬಗೆಯನ್ನು, ಅವರ ಬರಹ ಉಳಿಸಿಕೊಟ್ಟಿದೆ. ಅದನ್ನು ಆಕರವಾಗಿ ಓದುವ ಹೊಣೆ ಕನ್ನಡ ಸಂಶೋಧಕರದೂ ಹೌದು.